ರಾವಲ್ಪಿಂಡಿಯ ಸಿಪಾಯಿಗಳ ಕಡತವನ್ನು ತೆರೆಯಿರಿ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,
ಭಾರತ ಸರ್ಕಾರ, ನವದೆಹಲಿ.

ಮಾನ್ಯರೇ,

2021ರ ಜೂನ್ ತಿಂಗಳಲ್ಲಿ ತಮ್ಮ ಸಚಿವಾಲಯ ಒಂದು ನೀತಿಯನ್ನು ಪ್ರಕಟಿಸಿತು. ಯುದ್ಧ ಮತ್ತು ಸೇನಾ ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳ ಬಳಿಕ ಗೋಪ್ಯತೆಯಿಂದ ಮುಕ್ತಗೊಳಿಸಬೇಕು, ಅದಕ್ಕಿಂತ ಹಳೆಯ ಕಡತಗಳನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕು ಎಂಬುದು ಅದರ ತಿರುಳು. ಅದನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ನೀತಿಯನ್ನೇ ಆಧಾರವಾಗಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಮಸ್ಟರ್ಡ್ ಗ್ಯಾಸ್, ಅಂದರೆ ಸಾಸಿವೆ ಅನಿಲ ಎಂಬ ರಾಸಾಯನಿಕ ಅಸ್ತ್ರದೊಂದಿಗೆ ಈ ದೇಶಕ್ಕೆ ಎರಡು ಕಾಲಗಳಲ್ಲಿ ಎರಡು ಬಗೆಯ ನಂಟು ಇತ್ತು. ಒಂದು ಕಾಲದಲ್ಲಿ ಬ್ರಿಟಿಷ್ ವಿಜ್ಞಾನಿಗಳು ನಮ್ಮ ಸಿಪಾಯಿಗಳ ಮೈಮೇಲೆ ಅದನ್ನು ಪರೀಕ್ಷಿಸಿ ನೋಡಿದರು. ಇನ್ನೊಂದು ಕಾಲದಲ್ಲಿ, ಸ್ವಾತಂತ್ರ್ಯ ಬಂದ ಮೇಲೆ, ನಾವೇ ಅದನ್ನು ಸಾವಿರ ಟನ್ನಿಗೂ ಮಿಕ್ಕಿ ದಾಸ್ತಾನು ಮಾಡಿಟ್ಟುಕೊಂಡಿದ್ದೆವು. ಈ ಎರಡೂ ಅಧ್ಯಾಯಗಳ ಕಡತಗಳನ್ನು ಸಾರ್ವಜನಿಕರ ಮುಂದಿಡಬೇಕೆಂಬುದು ನನ್ನ ಬೇಡಿಕೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಅಮೋನಿಯಾ ತಯಾರಿಸುವ ಹೇಬರ್ ವಿಧಾನವನ್ನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಒತ್ತಡವೆಷ್ಟು, ಉಷ್ಣತೆಯೆಷ್ಟು, ವೇಗವರ್ಧಕ ಯಾವುದು ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾರೆ. ಅದೇ ಫ್ರಿಟ್ಜ್ ಹೇಬರ್ 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಸುಮಾರು 150 ಟನ್ ಕ್ಲೋರಿನ್ ಅನಿಲವನ್ನು ಸಿಲಿಂಡರುಗಳಿಂದ ಗಾಳಿಗೆ ಬಿಡಿಸಿದ ಏರ್ಪಾಟಿನ ಸೂತ್ರಧಾರನೂ ಆಗಿದ್ದನೆಂಬುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಆ ದಾಳಿಯಾದ ನಾಲ್ಕನೆಯ ದಿನ, ಏಪ್ರಿಲ್ 26ರಂದು, ಅದೇ ಈಪ್ರ್ ರಣರಂಗದಲ್ಲಿ ಪ್ರತಿದಾಳಿಗೆ ನುಗ್ಗಿದ್ದು ಭಾರತೀಯ ಸೇನೆಯ ಲಾಹೋರ್ ಡಿವಿಷನ್. ಅವರ ಕಡೆಗೂ ಅನಿಲ ಹರಿದು ಬಂತು. ಅವರಲ್ಲಿ ಸರಿಯಾದ ಮುಖವಾಡಗಳಿರಲಿಲ್ಲ. ಒದ್ದೆ ಬಟ್ಟೆಯೇ ರಕ್ಷಣೆ. ದಳದ ಅಧಿಕಾರಿಗಳು ಉರುಳಿದ ಮೇಲೆ ಜಮಾದಾರ್ ಮೀರ್ ದಸ್ತ್ ತನ್ನ ತುಕಡಿಯನ್ನು ತಾನೇ ಮುನ್ನಡೆಸಿದರು, ಗುಂಡಿನ ಸುರಿಮಳೆಯ ನಡುವೆ ಎಂಟು ಮಂದಿ ಬ್ರಿಟಿಷ್ ಮತ್ತು ಭಾರತೀಯ ಅಧಿಕಾರಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ನೆರವಾದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು; ಅನಿಲದ ಬಾಧೆಯೂ ಅವರನ್ನು ಬಿಡಲಿಲ್ಲ. ರಾಸಾಯನಿಕ ಯುದ್ಧದ ಮೊದಲ ವಾರದಲ್ಲೇ ಭಾರತೀಯರು ಅದರ ಎದುರಿಗಿದ್ದರು ಎಂಬ ಈ ಸಂಗತಿಯನ್ನು ನಾವು ಮರೆತಿದ್ದೇವೆ ಎನ್ನುವುದಕ್ಕಿಂತ ನಮಗೆ ಯಾರೂ ಹೇಳಿಯೇ ಇಲ್ಲ ಎನ್ನುವುದು ಹೆಚ್ಚು ಸರಿ.

ಕ್ಲೋರಿನ್ ಕಣ್ಣಿಗೆ ಕಾಣುತ್ತಿತ್ತು, ಹಸಿರು ಹಳದಿ ಮೋಡವಾಗಿ ಬರುತ್ತಿತ್ತು, ಮುಖವಾಡ ಬಂದ ಮೇಲೆ ಅದನ್ನು ತಡೆಯಲೂ ಸಾಧ್ಯವಾಯಿತು. ಸಾಸಿವೆ ಅನಿಲದ ಬಗೆ ಬೇರೆ. ಹೆಸರಿಗೆ ಅನಿಲವೆಂದರೂ ಅದು ಎಣ್ಣೆಯಂಥ ದ್ರವ; 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಕುದಿಯಬೇಕಾದರೆ 217 ಡಿಗ್ರಿ ಬೇಕು. ಆದ್ದರಿಂದಲೇ ಅದು ಬೇಗ ಆರಿಹೋಗದೆ ನೆಲದಲ್ಲಿ, ಬಟ್ಟೆಯಲ್ಲಿ, ಚರ್ಮದ ಬೂಟಿನಲ್ಲಿ ಕೂತುಬಿಡುತ್ತದೆ. 1917ರ ಜುಲೈ 12ರ ರಾತ್ರಿ ಜರ್ಮನರು ಹಳದಿ ಶಿಲುಬೆಯ ಗುರುತು ಹಾಕಿದ ಷೆಲ್ಲುಗಳಲ್ಲಿ ಅದನ್ನು ತುಂಬಿ ಅದೇ ಈಪ್ರ್ ಬಳಿ ಮೊದಲ ಬಾರಿಗೆ ಸಿಡಿಸಿದಾಗ ಬ್ರಿಟಿಷ್ ಸೈನಿಕರಿಗೆ ಬಂದದ್ದು ಸಾಸಿವೆಯದೋ ಬೆಳ್ಳುಳ್ಳಿಯದೋ ಎನ್ನಿಸುವಂಥ ವಾಸನೆ, ಒಂದಿಷ್ಟು ಸೀನು; ಅಷ್ಟೇ. ಬಹಳ ಮಂದಿ ಹೋಗಿ ಮಲಗಿದರು. ಗಂಟೆಗಳು ಕಳೆದ ಮೇಲೆ ಕಣ್ಣಿನಲ್ಲಿ ಮರಳು ತುರುಕಿದಂಥ ಉರಿಯೊಂದಿಗೆ ಎಚ್ಚರವಾಯಿತು, ರೆಪ್ಪೆಗಳು ಊದಿ ಮುಚ್ಚಿಕೊಂಡವು, ಬೆವರು ನಿಲ್ಲುವ ಕಂಕುಳು, ತೊಡೆಸಂದುಗಳಲ್ಲಿ ಮೊದಲು ಕೆಂಪು, ಆಮೇಲೆ ನೀರು ತುಂಬಿದ ಬೊಬ್ಬೆಗಳು ಎದ್ದವು, ಗಂಟಲು ಕಟ್ಟಿತು. ಆ ಒಂದು ದಾಳಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಗಾಯಾಳುಗಳಾದರು. ಸತ್ತವರು ಅದರಲ್ಲಿ ತೀರ ಕಡಿಮೆ. ಇದೇ ಆ ಅಸ್ತ್ರದ ಲೆಕ್ಕಾಚಾರ: ಒಬ್ಬ ಸೈನಿಕ ಸತ್ತರೆ ಶತ್ರುವಿಗೆ ಒಬ್ಬ ಕಡಿಮೆ, ಕುರುಡಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಅವನ ಜೊತೆಗೆ ಹೊರುವವರು, ದಾದಿಯರು, ವೈದ್ಯರು ಎಲ್ಲರೂ ಕಟ್ಟಿಬಿದ್ದಂತೆ. ಇವತ್ತಿಗೂ ಇದಕ್ಕೆ ಮದ್ದಿಲ್ಲ. ಗಾಯಕ್ಕೆ ಆರೈಕೆ ಮಾಡಬಹುದೇ ಹೊರತು ವಿಷವನ್ನು ಇಳಿಸಲಾಗದು.

ಯುದ್ಧ ಮುಗಿದ ಮೇಲೆ ಎಲ್ಲರಿಗೂ ಹೇಸಿಗೆಯಾಯಿತು ಎಂದು ಪುಸ್ತಕಗಳು ಹೇಳುತ್ತವೆ. ಆ ಹೇಸಿಗೆ ಯುರೋಪಿನ ಗಡಿಯವರೆಗೆ ಮಾತ್ರ ಇತ್ತೇನೋ ಎಂಬ ಅನುಮಾನ ನನಗಿದೆ. 1919ರ ಮೇ ತಿಂಗಳಲ್ಲಿ ಬ್ರಿಟನ್ನಿನ ಯುದ್ಧ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಅನಾಗರಿಕ ಬುಡಕಟ್ಟುಗಳ ಮೇಲೆ ವಿಷಾನಿಲ ಬಳಸುವುದಕ್ಕೆ ತಮ್ಮ ಬಲವಾದ ಬೆಂಬಲವಿದೆ ಎಂದು ಟಿಪ್ಪಣಿ ಬರೆದರು. ಅದಕ್ಕೆ ಆಕ್ಷೇಪ ಎತ್ತಿದ್ದ, ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ನಿಲುವು ಅವಿವೇಕದ್ದೆಂದೂ ಜರೆದರು. ನ್ಯಾಯವಾಗಿ ಹೇಳುವುದಾದರೆ ಆ ಟಿಪ್ಪಣಿಯಲ್ಲಿ ಅವರು ಕಣ್ಣೀರು ತರಿಸುವ ಅನಿಲವನ್ನೂ, ಪ್ರಾಣ ತೆಗೆಯದ ಬಗೆಗಳನ್ನೂ ಪ್ರಸ್ತಾಪಿಸಿದ್ದರು. ಆದರೂ ಯಾರ ಮೇಲೆ ಪ್ರಯೋಗಿಸಬಹುದು ಎಂಬ ವಿಂಗಡಣೆ ಅಲ್ಲಿ ಸ್ಪಷ್ಟವಾಗಿಯೇ ಇದೆ. 1925ರ ಜೂನ್ 17ರ ಜಿನೀವಾ ಒಡಂಬಡಿಕೆ ಯುದ್ಧದಲ್ಲಿ ವಿಷಾನಿಲದ ಬಳಕೆಯನ್ನು ನಿಷೇಧಿಸಿತು. ತಯಾರಿಕೆಯನ್ನಾಗಲಿ ದಾಸ್ತಾನನ್ನಾಗಲಿ ನಿಷೇಧಿಸಲಿಲ್ಲ, ಪರೀಕ್ಷೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಅದಕ್ಕೆ ಸಹಿ ಹಾಕಿ ಅನುಮೋದಿಸಿದ್ದ ಇಟಲಿಯೇ 1935ರ ಕೊನೆಯಿಂದ ಇಥಿಯೋಪಿಯಾದ ಮೇಲೆ ವಿಮಾನಗಳಿಂದ ಸಾಸಿವೆ ಅನಿಲವನ್ನು ಸುರಿಯಿತು. 1936ರ ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸಿ ಸ್ವತಃ ಜಿನೀವಾಕ್ಕೆ ಬಂದು, ಸೈನಿಕರ ಮೇಲಷ್ಟೇ ಅಲ್ಲ, ಹೆಂಗಸರು ಮಕ್ಕಳ ಮೇಲೆ, ದನಕರುಗಳ ಮೇಲೆ, ನದಿ ಕೆರೆ ಹುಲ್ಲುಗಾವಲುಗಳ ಮೇಲೆ ಈ ಮಳೆ ಬಿದ್ದುದನ್ನು ರಾಷ್ಟ್ರಸಂಘದ ಸಭೆಯೆದುರು ವಿವರಿಸಿದರು. ಸಭೆ ಕೇಳಿಸಿಕೊಂಡಿತು. ಮುಂದಿನ ತಿಂಗಳು ಇಟಲಿಯ ಮೇಲಿನ ನಿರ್ಬಂಧಗಳನ್ನೂ ತೆಗೆಯಲಾಯಿತು.

ಬ್ರಿಟಿಷ್ ಇಂಡಿಯಾ ಜಿನೀವಾ ಒಡಂಬಡಿಕೆಯನ್ನು ಅನುಮೋದಿಸಿದ್ದು 1930ರಲ್ಲಿ. ಅದಾಗಿ ಹೆಚ್ಚು ವರ್ಷಗಳು ಕಳೆಯುವ ಮೊದಲೇ ಅದೇ ಬ್ರಿಟಿಷ್ ಇಂಡಿಯಾದ ರಾವಲ್ಪಿಂಡಿಯಲ್ಲಿ, ಇಂಗ್ಲೆಂಡಿನ ಪೋರ್ಟನ್ ಡೌನ್ ಸಂಶೋಧನಾ ಕೇಂದ್ರದಿಂದ ಬಂದ ವಿಜ್ಞಾನಿಗಳು ಸೇನೆಯ ನೆಲೆಯಲ್ಲಿ ಪ್ರಯೋಗಗಳನ್ನು ಶುರುಮಾಡಿದರು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಕ್ಕ ದಾಖಲೆಗಳನ್ನು ಆಧರಿಸಿ ಗಾರ್ಡಿಯನ್ ಪತ್ರಿಕೆ 2007ರ ಸೆಪ್ಟೆಂಬರಿನಲ್ಲಿ ಇದನ್ನು ಹೊರಗೆಡವಿತು. 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಈ ಪರೀಕ್ಷೆಗಳಲ್ಲಿ ನೂರಾರು ಭಾರತೀಯ ಸಿಪಾಯಿಗಳನ್ನು ಸಾಸಿವೆ ಅನಿಲಕ್ಕೆ ಒಡ್ಡಲಾಯಿತು. ವಿಜ್ಞಾನಿಗಳಿಗೆ ಬೇಕಿದ್ದ ಉತ್ತರ ಇದು: ಬ್ರಿಟಿಷರ ಚರ್ಮಕ್ಕಿಂತ ಭಾರತೀಯರ ಚರ್ಮಕ್ಕೆ ಈ ವಿಷ ಹೆಚ್ಚು ಹಾನಿ ಮಾಡುತ್ತದೆಯೇ, ಮತ್ತು ರಣರಂಗದಲ್ಲಿ ಎಷ್ಟು ಪ್ರಮಾಣ ಬೇಕಾಗುತ್ತದೆ? ಬಿಸಿಲು ಮತ್ತು ಬೆವರು ಹೆಚ್ಚಿರುವ ಕಡೆ ಈ ದ್ರವ ಬೇಗ ಆವಿಯಾಗಿ ಹೆಚ್ಚು ಸುಡುತ್ತದೆ ಎಂಬುದು ತಿಳಿದಿದ್ದ ವಿಷಯವೇ.

ಸಿಪಾಯಿಗಳನ್ನು ಅರೆಚಡ್ಡಿ ಮತ್ತು ಹತ್ತಿಬಟ್ಟೆಯ ಅಂಗಿಯಲ್ಲಿ ಅನಿಲದ ಕೋಣೆಯೊಳಗೆ ಕಳುಹಿಸಲಾಗುತ್ತಿತ್ತು. ಒಂದು ಸಲ ಒಬ್ಬ ಸಿಪಾಯಿಯ ಮುಖವಾಡ ಜಾರಿತು. ಅವನ ಕಣ್ಣು ಮತ್ತು ಮುಖ ತೀವ್ರವಾಗಿ ಸುಟ್ಟವು. ಅದು ದಾಖಲಾಗಿದೆ, ಪ್ರಯೋಗದ ಫಲಿತಾಂಶಗಳ ಸಾಲಿನಲ್ಲಿ ಒಂದು ಸಾಲಾಗಿ. ತೀವ್ರ ಸುಟ್ಟಗಾಯವಾದವರು ಬಹಳ ಸಂಕಟದಲ್ಲಿ, ಖಿನ್ನರಾಗಿ ಇರುತ್ತಾರೆಂದು 1942ರ ವರದಿಯೊಂದರಲ್ಲಿ ಬರೆದಿಡಲಾಗಿದೆ. ಕೆಲವರು ಆಸ್ಪತ್ರೆ ಸೇರಬೇಕಾಯಿತು. ಇವರು ಮನಸಾರೆ ಒಪ್ಪಿ ಬಂದವರೇ ಎಂಬ ಪ್ರಶ್ನೆಗೆ, ಕವಾಯತಿನ ಸಾಲಿನಲ್ಲಿ ನಿಂತ ಸಿಪಾಯಿಗೆ ಸಾಹೇಬರ ಆಜ್ಞೆಯನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿತ್ತೆಂದು ಬಲ್ಲವರು ಬೇರೆ ಉತ್ತರ ಹುಡುಕಬೇಕಿಲ್ಲ. ಸಾಸಿವೆ ಅನಿಲ ಜೀವಕೋಶದ ಡಿಎನ್‌ಎಯನ್ನೇ ಕೆಡಿಸುವ ಪದಾರ್ಥ. ಕ್ಯಾನ್ಸರ್ ತರುತ್ತದೆಂದು ಮುಂದೆ ಖಚಿತವಾಗಿದೆ. ಹಾಗಿದ್ದೂ ಆ ಸಿಪಾಯಿಗಳ ಆರೋಗ್ಯವನ್ನು ಆಮೇಲೆ ಯಾರೂ ವಿಚಾರಿಸಲಿಲ್ಲ. ಸುದ್ದಿ ಬಂದಾಗ ಪೋರ್ಟನ್ ಡೌನ್ ಅಧಿಕಾರಿಗಳು ಕೊಟ್ಟ ಸಮಜಾಯಿಷಿ, ಅದು ಬೇರೆ ಕಾಲ, ಅದನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎಂಬುದಾಗಿತ್ತು.

ಕಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ಅದೇ ಪೋರ್ಟನ್ ಡೌನಿನಲ್ಲಿ ಪರೀಕ್ಷೆಗೆ ಒಳಗಾಗಿದ್ದ ಬ್ರಿಟಿಷ್ ಯೋಧರು ದಾವೆ ಹೂಡುವುದಾಗಿ ಪಟ್ಟುಹಿಡಿದಾಗ, 2008ರ ಜನವರಿಯಲ್ಲಿ, ಅಂದರೆ ರಾವಲ್ಪಿಂಡಿಯ ಸುದ್ದಿ ಬಂದು ಐದು ತಿಂಗಳೂ ತುಂಬುವ ಮೊದಲೇ, ಅಲ್ಲಿನ ಸರ್ಕಾರ 360 ಮಂದಿಗೆ ಒಟ್ಟು 30 ಲಕ್ಷ ಪೌಂಡ್ ಪರಿಹಾರ ಕೊಡಲು ಒಪ್ಪಿಕೊಂಡಿತು. ಕಾನೂನಿನ ಹೊಣೆ ಒಪ್ಪಿಕೊಳ್ಳದಿದ್ದರೂ ಕ್ಷಮೆ ಕೇಳಿತು. ಅಮೆರಿಕ ತನ್ನ ಸುಮಾರು 60,000 ಯೋಧರ ಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆಸಿದ್ದ ಇಂಥದೇ ಪರೀಕ್ಷೆಗಳ ಬಗ್ಗೆ 1993ರಲ್ಲಿ ವೈದ್ಯಕೀಯ ಸಂಸ್ಥೆಯೊಂದರಿಂದ ವಿವರವಾದ ವರದಿ ಬರೆಸಿತು. ರಾವಲ್ಪಿಂಡಿಯ ಸಿಪಾಯಿಗಳ ಪರವಾಗಿ ಪಟ್ಟು ಹಿಡಿಯಲು ಯಾರಿದ್ದರು? ಆ ಪರೀಕ್ಷೆ ನಡೆದ ಊರು 1947ರಲ್ಲಿ ಪಾಕಿಸ್ತಾನಕ್ಕೆ ಸೇರಿತು, ಸೇನೆ ಎರಡು ಹೋಳಾಯಿತು, ಕಾಗದಗಳು ಲಂಡನ್ನಿಗೆ ಹೋದವು. ಎರಡೂ ದೇಶಗಳಿಗೆ ಸೇರಿದ ಆ ಮನುಷ್ಯರು ಕೊನೆಗೆ ಯಾರಿಗೂ ಸೇರದವರಾದರು.

ಗೋಪ್ಯತೆ ಎಂಬುದು ದೇಶದ ರಕ್ಷಣೆಗಾಗಿ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಈ ಒಂದು ಅಸ್ತ್ರದ ವಿಷಯದಲ್ಲಿ ಗೋಪ್ಯತೆಯೇ ಜನರನ್ನು ಕೊಂದ ನಿದರ್ಶನವಿದೆ. 1943ರ ಡಿಸೆಂಬರ್ 2ರ ಸಂಜೆ ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ದಾಳಿ ಮಾಡಿದವು. ಅಲ್ಲಿ ಲಂಗರು ಹಾಕಿದ್ದ ಜಾನ್ ಹಾರ್ವಿ ಎಂಬ ಅಮೆರಿಕನ್ ಹಡಗಿನಲ್ಲಿ ಸುಮಾರು 2,000 ಸಾಸಿವೆ ಅನಿಲದ ಬಾಂಬುಗಳಿದ್ದವು. ಶತ್ರು ಬಳಸಿದರೆ ತಿರುಗಿ ಬಳಸಲು ಇರಲಿ ಎಂದು ತಂದಿದ್ದು. ವಿಷಯ ತಿಳಿದಿದ್ದವರು ಹಡಗಿನೊಂದಿಗೆ ಸತ್ತರು. ಬಂದರಿನ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಯಲ್ಲಿ ವಿಷ ಬೆರೆಯಿತು, ಅದರಲ್ಲಿ ಈಜಿ ದಡ ಸೇರಿದವರನ್ನು ಆಸ್ಪತ್ರೆಗೆ ತಂದಾಗ ಅವರ ಒದ್ದೆ ಬಟ್ಟೆ ಬಿಚ್ಚಿಸಿ ಮೈ ತೊಳೆಸಬೇಕೆಂಬುದು ವೈದ್ಯರಿಗೆ ಹೊಳೆಯಲಿಲ್ಲ, ಏಕೆಂದರೆ ಅದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಳಿಯಲ್ಲಿ ನಡುಗುತ್ತಿದ್ದವರಿಗೆ ಕಂಬಳಿ ಹೊದಿಸಿ, ಬಿಸಿ ಚಹಾ ಕೊಟ್ಟು ಕೂರಿಸಿದರು. ಆ ಕಂಬಳಿಯೊಳಗೇ ವಿಷ ರಾತ್ರಿಯಿಡೀ ಕೆಲಸ ಮಾಡಿತು. ಆಸ್ಪತ್ರೆ ಸೇರಿದ 628 ಮಂದಿ ಅನಿಲಪೀಡಿತರಲ್ಲಿ 83 ಮಂದಿ ಆ ತಿಂಗಳ ಕೊನೆಯೊಳಗೆ ತೀರಿಕೊಂಡರು. ಊರಿನ ನಾಗರಿಕರು ಈ ಲೆಕ್ಕದಲ್ಲಿಲ್ಲ.

ಸ್ಟೀವರ್ಟ್ ಅಲೆಗ್ಸಾಂಡರ್ ಎಂಬ ಸೇನಾ ವೈದ್ಯರು ಬಂದು ಲಕ್ಷಣಗಳನ್ನು ನೋಡಿ ಇದು ಸಾಸಿವೆ ಅನಿಲವೆಂದು ಪತ್ತೆ ಹಚ್ಚಿದ ಮೇಲೂ, ಬ್ರಿಟಿಷ್ ದಾಖಲೆಗಳಲ್ಲಿ ಆ ಹೆಸರು ಬರದಂತೆ ಚರ್ಚಿಲ್ ನೋಡಿಕೊಂಡರು. ಶತ್ರುವಿನ ದಾಳಿಯಿಂದಾದ ಸುಟ್ಟಗಾಯ ಎಂದಷ್ಟೇ ಬರೆಯಲಾಯಿತು. ಬದುಕುಳಿದ ಬ್ರಿಟಿಷರಿಗೆ ಸತ್ಯವನ್ನು ಅಧಿಕೃತವಾಗಿ ಒಪ್ಪಿ ಪಿಂಚಣಿ ಪರಿಷ್ಕರಿಸಿದ್ದು 1986ರಲ್ಲಿ, ನಲವತ್ತಮೂರು ವರ್ಷಗಳ ನಂತರ. ಅಲೆಗ್ಸಾಂಡರ್ ಗಮನಿಸಿದಂತೆ ಪೀಡಿತರ ರಕ್ತದಲ್ಲಿ ಬಿಳಿಕಣಗಳು ಕುಸಿದಿದ್ದವು. ಇದೇ ಜಾತಿಯ ನೈಟ್ರೋಜನ್ ಮಸ್ಟರ್ಡ್ ಬಗ್ಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಆಗಲೇ ಗುಟ್ಟಾಗಿ ನಡೆಯುತ್ತಿದ್ದ ಕೆಲಸ ಮುಂದೆ ಕ್ಯಾನ್ಸರಿನ ಕೀಮೋಥೆರಪಿಗೆ ದಾರಿಮಾಡಿತು. ಇದನ್ನು ಕೇಳಿದಾಗ ಕೆಲವರು ವಿಷದಿಂದ ಅಮೃತ ಬಂತೆಂದು ಖುಷಿಪಡುತ್ತಾರೆ. ಬಾರಿಯ ಆಸ್ಪತ್ರೆಯಲ್ಲಿ ಸತ್ತವರನ್ನು ಆ ವಾಕ್ಯದೊಳಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನಮ್ಮ ಸ್ವಂತ ಅಧ್ಯಾಯ. 1987ರ ಜೂನ್ 28ರಂದು ಇರಾಕಿ ವಿಮಾನಗಳು ಇರಾನಿನ ಸರ್ದಶ್ತ್ ಪಟ್ಟಣದ ಜನವಸತಿಯ ಮೇಲೆ ಸಾಸಿವೆ ಅನಿಲದ ಬಾಂಬುಗಳನ್ನು ಹಾಕಿದವು. ಸಾವಿರಾರು ಮಂದಿ ನಾಗರಿಕರು ಪೀಡಿತರಾದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷದ ಮಾರ್ಚ್ 16ರಂದು ಇರಾಕಿನದೇ ಹಲಬ್ಜಾ ಪಟ್ಟಣದಲ್ಲಿ ನರವಿಷದೊಂದಿಗೆ ಇದನ್ನೂ ಬೆರೆಸಿ ಸಾವಿರಾರು ಕುರ್ದರನ್ನು ಕೊಲ್ಲಲಾಯಿತು. ಇರಾಕಿಗೆ ಕಚ್ಚಾ ರಾಸಾಯನಿಕ ಒದಗಿಸಿದ ಫ್ರಾನ್ಸ್ ವಾನ್ ಆನ್‌ರಾಟ್ ಎಂಬ ಡಚ್ ವ್ಯಾಪಾರಿಗೆ 2005ರಲ್ಲಿ ಹೇಗ್ ನಗರದ ನ್ಯಾಯಾಲಯ 15 ವರ್ಷಗಳ ಸೆರೆವಾಸ ವಿಧಿಸಿತು. ಜಗತ್ತು ಈ ಅಸ್ತ್ರವನ್ನು ಬೇರುಸಹಿತ ಕೀಳಬೇಕೆಂದು ಮಾತುಕತೆ ನಡೆಸುತ್ತಿದ್ದ ಆ ದಿನಗಳಲ್ಲಿ ಭಾರತ ಅದರ ಮುಂಚೂಣಿಯಲ್ಲಿತ್ತು. 1992ರ ಆಗಸ್ಟ್‌ನಲ್ಲಿ ನವದೆಹಲಿಯಲ್ಲಿ ಭಾರತ ಮತ್ತು ಪಾಕಿಸ್ತಾನ ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿ, ಯಾವ ಸಂದರ್ಭದಲ್ಲೂ ರಾಸಾಯನಿಕ ಅಸ್ತ್ರಗಳನ್ನು ಅಭಿವೃದ್ಧಿಪಡಿಸುವುದಿಲ್ಲ, ತಯಾರಿಸುವುದಿಲ್ಲ, ಪಡೆಯುವುದಿಲ್ಲ, ಬಳಸುವುದಿಲ್ಲ ಎಂದು ಮಾತು ಕೊಟ್ಟವು. 1993ರ ಜನವರಿಯಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ನಾವು ಸಹಿ ಹಾಕಿದೆವು, 1996ರಲ್ಲಿ ಅನುಮೋದಿಸಿದೆವು. 1997ರ ಏಪ್ರಿಲ್ 29ರಂದು ಒಪ್ಪಂದ ಜಾರಿಗೆ ಬಂತು. ಅದಾಗಿ ಎರಡು ತಿಂಗಳಲ್ಲಿ, ನಮ್ಮ ಬಳಿ ರಾಸಾಯನಿಕ ಅಸ್ತ್ರಗಳ ದಾಸ್ತಾನು ಇದೆಯೆಂದು ನಮ್ಮ ಸರ್ಕಾರವೇ ಘೋಷಿಸಿತು. 1,044 ಟನ್, ಅದೂ ಸಾಸಿವೆ ಅನಿಲ.

ಆ ಘೋಷಣೆಯನ್ನು ನಾನು ಹೀಗಳೆಯುತ್ತಿಲ್ಲ. ಇರುವುದನ್ನು ಇದೆಯೆಂದು ಹೇಳಿ, ಅಂತಾರಾಷ್ಟ್ರೀಯ ತಪಾಸಕರನ್ನು ಬರಮಾಡಿಕೊಂಡು, ಹೆಚ್ಚುವರಿಯಾಗಿ ಪಡೆದ ಗಡುವಿನೊಳಗೆ 2009ರ ಮಾರ್ಚ್ ಹೊತ್ತಿಗೆ ಎಲ್ಲವನ್ನೂ ನಾಶಮಾಡಿ ಮುಗಿಸಿದ್ದು ಸಣ್ಣ ಸಾಧನೆಯಲ್ಲ. ಅಲ್ಬೇನಿಯಾ ಮತ್ತು ದಕ್ಷಿಣ ಕೊರಿಯಾಗಳ ನಂತರ ಘೋಷಿತ ದಾಸ್ತಾನನ್ನು ಪೂರ್ತಿ ಇಲ್ಲವಾಗಿಸಿದ ಮೂರನೆಯ ದೇಶ ಭಾರತ. ಅಮೆರಿಕ ತನ್ನ ಕೊನೆಯ ಅಸ್ತ್ರವನ್ನು ನಾಶಮಾಡಿದ್ದು 2023ರ ಜುಲೈನಲ್ಲಿ. ಹೆಮ್ಮೆಪಡಬೇಕಾದ ಈ ಕೆಲಸದ ಬಗ್ಗೆಯೂ ನಮ್ಮ ಸರ್ಕಾರ ನಾಚಿಕೊಂಡವರಂತೆ ನಡೆದುಕೊಂಡಿದೆ. ಈ ದಾಸ್ತಾನನ್ನು ಕೂಡಿಡಬೇಕೆಂದು ಯಾವಾಗ, ಯಾವ ಕಾರಣಕ್ಕೆ ತೀರ್ಮಾನವಾಯಿತು? 1992ರ ಘೋಷಣೆಗೆ ಸಹಿ ಹಾಕುವಾಗ ಆ ತೀರ್ಮಾನ ಯಾರ ಗಮನದಲ್ಲಿತ್ತು? ಸಂಸತ್ತಿಗೆ ಏನು ತಿಳಿಸಲಾಗಿತ್ತು? ಇವು ಇಂದಿನ ಭದ್ರತೆಯ ಪ್ರಶ್ನೆಗಳಲ್ಲ, ಇತಿಹಾಸದ ಪ್ರಶ್ನೆಗಳು. ತಯಾರಿಕೆಯ ವಿಧಾನವನ್ನು ನಾನು ಕೇಳುತ್ತಿಲ್ಲ. ಅದು ಶಾಶ್ವತವಾಗಿ ಬೀಗದೊಳಗೇ ಇರಲಿ. ಅಮೆರಿಕ ತನ್ನ ದಾಸ್ತಾನು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂಬ ವಿವರವನ್ನು 1996ರಲ್ಲೇ, ಅಸ್ತ್ರಗಳು ಇನ್ನೂ ಉಗ್ರಾಣದಲ್ಲಿದ್ದಾಗಲೇ, ಬಹಿರಂಗಪಡಿಸಿತು. ಎಲ್ಲವೂ ನಾಶವಾಗಿ ವರ್ಷಗಳೇ ಕಳೆದ ಮೇಲೆ ನಾವು ಅಷ್ಟನ್ನಾದರೂ ಹೇಳಬಹುದು.

ಇದರಲ್ಲಿ ದುಡಿದವರ ಮಾತೂ ಇದೆ. ಜಪಾನಿನ ಓಕುನೋಶಿಮಾ ದ್ವೀಪದಲ್ಲಿ 1929ರಿಂದ 1945ರವರೆಗೆ ವಿಷಾನಿಲ ಕಾರ್ಖಾನೆಯೊಂದಿತ್ತು. ಆ ಕಾಲದಲ್ಲಿ ಅದನ್ನು ನಕ್ಷೆಗಳಿಂದಲೂ ಅಳಿಸಿಹಾಕಿದ್ದರು. ಇಂದು ಪ್ರವಾಸಿಗರು ಮೊಲಗಳಿಗೆ ತಿಂಡಿ ಹಾಕಲು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಕೆಲಸ ಮಾಡಿದ್ದವರನ್ನು ಹಿರೋಶಿಮಾದ ವೈದ್ಯರು ದಶಕಗಟ್ಟಲೆ ಹಿಂಬಾಲಿಸಿ ಪರೀಕ್ಷಿಸಿ, ಶ್ವಾಸಕೋಶದ ಕ್ಯಾನ್ಸರ್ ಮತ್ತು ದೀರ್ಘಕಾಲದ ಶ್ವಾಸನಾಳದ ಬೇನೆ ಅವರಲ್ಲಿ ಹೆಚ್ಚಿರುವುದನ್ನು ದಾಖಲಿಸಿದ್ದಾರೆ. ಭಾರತದ ದಾಸ್ತಾನನ್ನು ತಯಾರಿಸಿದ, ಕಾದ, ಕೊನೆಗೆ ನಾಶಮಾಡಿದ ಕೆಲಸಗಾರರಿಗೂ ಸೈನಿಕರಿಗೂ ಅಂಥದೊಂದು ವೈದ್ಯಕೀಯ ತಪಾಸಣೆ ಸಲ್ಲಬೇಕು, ಅವರು ನಿವೃತ್ತರಾದ ಮೇಲೂ ಸಲ್ಲುತ್ತಿರಬೇಕು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟು. ರಾವಲ್ಪಿಂಡಿ ಪರೀಕ್ಷೆಗಳ ಪೂರ್ಣ ವರದಿಗಳ ಪ್ರತಿಗಳನ್ನು, ಸಿಪಾಯಿಗಳ ಹೆಸರು ಮತ್ತು ಪಲ್ಟನ್ನುಗಳ ವಿವರ ಸಹಿತ, ಬ್ರಿಟಿಷ್ ಸರ್ಕಾರದಿಂದ ಅಧಿಕೃತವಾಗಿ ಕೇಳಿ ಪಡೆದು ರಾಷ್ಟ್ರೀಯ ಪತ್ರಾಗಾರದಲ್ಲಿ ಇರಿಸಬೇಕು. ಅವರ ಕುಟುಂಬಗಳು ಗಡಿಯ ಯಾವ ಬದಿಯಲ್ಲಿದ್ದರೂ ನೋಡಲು ಅವಕಾಶವಿರಬೇಕು. 1997ರ ಘೋಷಣೆಗೆ ಹಿಂದಿನ ತೀರ್ಮಾನಗಳ ಕಡತಗಳಿಗೆ 25 ವರ್ಷಗಳ ಅವಧಿ ಮುಗಿದಿರುವುದರಿಂದ, ತಮ್ಮದೇ ನೀತಿಯಂತೆ ತಜ್ಞರ ಸಮಿತಿಯ ಮುಂದಿಟ್ಟು, ತಾಂತ್ರಿಕ ಪುಟಗಳನ್ನು ತೆಗೆದಿರಿಸಿ ಉಳಿದುದನ್ನು ಬಿಡುಗಡೆ ಮಾಡಬೇಕು. ದಾಸ್ತಾನಿನ ಕೆಲಸದಲ್ಲಿದ್ದವರ ಆರೋಗ್ಯ ತಪಾಸಣೆಯ ಹೊಣೆಯನ್ನು ಸೇನಾ ವೈದ್ಯಕೀಯ ಸೇವೆಗೆ ವಹಿಸಬೇಕು. ರಾಸಾಯನಿಕ ಯುದ್ಧದ ಬಲಿಪಶುಗಳ ಸ್ಮರಣೆಗೆಂದು ಜಗತ್ತು ಗೊತ್ತುಪಡಿಸಿರುವ ನವೆಂಬರ್ 30ರೊಳಗೆ ರಾವಲ್ಪಿಂಡಿಯ ವಿಷಯದಲ್ಲಿ ತಮ್ಮ ಸಚಿವಾಲಯದ ಒಂದು ಹೇಳಿಕೆಯಾದರೂ ಬಂದರೆ, ಕೆಲಸ ಶುರುವಾಗಿದೆಯೆಂದು ನಾವು ತಿಳಿಯುತ್ತೇವೆ.

ಈ ಪತ್ರದ ಪ್ರತಿಯನ್ನು ಸಂಪುಟ ಸಚಿವಾಲಯದ ಅಡಿಯಲ್ಲಿರುವ ರಾಸಾಯನಿಕ ಅಸ್ತ್ರ ಒಪ್ಪಂದದ ರಾಷ್ಟ್ರೀಯ ಪ್ರಾಧಿಕಾರಕ್ಕೂ ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರಿಗೂ ಕಳುಹಿಸುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕ